ಉಪ್ಪುನೀರಿನ ಸಂಸಾರ

ನಮ್ಮ ಕಡೆ ಮೀನೆಂದರೆ ಕೆರೆಯ ಮೀನು. ಶಿರಾ ಕೆರೆಯೋ ಕಳ್ಳಂಬೆಳ್ಳದ ಕೆರೆಯೋ ತುಂಬಿ ಕೋಡಿ ಬಿತ್ತೆಂದರೆ ಸಾಕು, ಹುಡುಗರು ಹಳೆಯ ಸೀರೆ, ಸೊಳ್ಳೆಪರದೆ, ಬುಟ್ಟಿ, ಕೈಗೆ ಸಿಕ್ಕಿದ್ದನ್ನೆಲ್ಲ ಹಿಡಿದು ಓಡುತ್ತಾರೆ. ಕೊರಟಗೆರೆಯವರಿಗೆ ಜಯಮಂಗಲಿ, ಸುವರ್ಣಮುಖಿ ಎರಡೂ ಹೊಳೆಗಳಿವೆ. ಗೊರವನಹಳ್ಳಿ ಲಕ್ಷ್ಮಿಯ ದರ್ಶನಕ್ಕೆ ಹೋದವರು ತೀತಾ ಜಲಾಶಯದ ದಡದಲ್ಲಿ ನಿಂತು ಮೀನು ನೋಡಿ ಬರುತ್ತಾರೆ. ಪಾವಗಡದವರ ಪಾಲಿಗೆ ಮೀನು ಮಳೆರಾಯನ ಮರ್ಜಿ. ನಮ್ಮ ಮಧುಗಿರಿಯವರು ಬೆಟ್ಟವನ್ನು ನೋಡಿಕೊಂಡು ಬೆಳೆದವರು. ನೀರಿನ ವಿಷಯಕ್ಕೆ ಬಂದರೆ ಬೋರ್‌ವೆಲ್ಲಿನ ಆಳವೇ ನಮ್ಮ ಮಾತು. ಸಮುದ್ರವೆಂಬುದು ಧರ್ಮಸ್ಥಳ, ಮುರುಡೇಶ್ವರದ ಟೂರಿನಲ್ಲಿ ಒಂದು ಸಂಜೆ ಸೀರೆಯ ನೆರಿಗೆ ಎತ್ತಿ ಹಿಡಿದು ಕಾಲು ನೆನೆಸಿ ಬರುವ ವಸ್ತು. ಅದು ನಮ್ಮಿಂದ ಮುನ್ನೂರು ಕಿಲೋಮೀಟರಿಗೂ ಮೇಲೆ ದೂರದಲ್ಲಿದೆ.

ಇಂಥ ಊರಿನ ಒಂದು ಮನೆಯಲ್ಲಿ ಉಪ್ಪುನೀರಿನ ಮೀನಿನ ತೊಟ್ಟಿ ಇಡುವುದೆಂದರೆ ಕೇಳಿದವರು ನಗುವುದು ಸಹಜ. ನಕ್ಕರೂ ಕೂಡ. "ಅಲ್ಲ ಮೇಡಂ, ಸಾಕಿ ಸಾಕಿ ಆಮೇಲೆ ಸಾರು ಮಾಡ್ತೀರೋ?" ಎಂದು ಕೇಳಿದವರಿದ್ದಾರೆ. ಆದರೆ ನಮ್ಮ ಮನೆಗೆ ಸೊಸೆಯಾಗಿ ಬಂದವಳು ಕುಂದಾಪುರದ ಕಡೆಯವಳು. ಮರವಂತೆಯಲ್ಲಿ ಹೆದ್ದಾರಿಯ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕಾ ನದಿ ಇದೆಯಲ್ಲ, ಅದರ ಹತ್ತಿರದಲ್ಲೇ ಅವಳ ತವರು. ಇಲ್ಲಿ ಶಿರಾದ ಬ್ಯಾಂಕೊಂದರಲ್ಲಿ ಅವಳಿಗೆ ಕೆಲಸ. ದಿನವೂ ಮಧುಗಿರಿಯಿಂದ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಯಾವುದಕ್ಕೂ ಗೊಣಗುವವಳಲ್ಲ. ಒಂದೇ ಒಂದು ಸಲ, ಬೇಸಿಗೆಯ ರಾತ್ರಿ ತಾರಸಿಯ ಮೇಲೆ ಕೂತಿದ್ದಾಗ, "ಅತ್ತೆ, ಇಲ್ಲಿಯ ಗಾಳಿಗೆ ಉಪ್ಪೇ ಇಲ್ಲ" ಎಂದಳು. ಆಮೇಲೆ ಆರು ತಿಂಗಳಿಗೆ, ತನ್ನ ಸಂಬಳದಲ್ಲೇ ಒಂದು ತೊಟ್ಟಿ ಇಡಲೇ ಎಂದು ಕೇಳಿದಳು. ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ವಿಜ್ಞಾನ ಪಾಠ ಹೇಳಿದವಳೆಂದು ಮೀನುಗಳ ಪಟ್ಟಿ ನೋಡಿ ಒಪ್ಪಿಗೆ ಕೊಡುವ ಕೆಲಸ ನನ್ನ ಪಾಲಿಗೆ ಬಂತು.

ಪಟ್ಟಿಗಿಂತ ಮೊದಲು ನೀರಿನ ಜಗಳ. ನಮ್ಮ ಯಜಮಾನರು ಮಾತಾಡುವುದು ಕಡಿಮೆ, ಆಡಿದರೆ ತೂಕದ್ದು. "ನಿಮ್ಮಕ್ಕನ ಊರಿನಲ್ಲಿ ಕುಡಿಯೋ ನೀರಿಗೆ ಕ್ಯಾನು ಹಿಡಿದು ಸಾಲು ನಿಲ್ತಾರೆ. ನಾವು ಇಲ್ಲಿ ಮೀನಿಗೆ ಫಿಲ್ಟರ್ ನೀರು ಹೊಯ್ಯೋದು ಸರಿಯೇನೇ?" ಎಂದರು. ಅದು ತಳ್ಳಿಹಾಕುವ ಮಾತಾಗಿರಲಿಲ್ಲ. ಪಾವಗಡದ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಅಲ್ಲಿಯ ಹಳ್ಳಿಗಳಲ್ಲಿ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ, ದೊಡ್ಡವರಿಗೆ ಮಂಡಿ ಸೊಂಟ ಹಿಡಿಯುವುದು ನಾವು ಕಣ್ಣಾರೆ ಕಂಡದ್ದು. ನಾಣ್ಯ ಹಾಕಿ ನೀರು ಹಿಡಿಯುವ ಶುದ್ಧ ನೀರಿನ ಘಟಕಗಳು ಬಂದ ಮೇಲೆ ಎಷ್ಟೋ ಉಸಿರಾಡುವಂತಾಯಿತು. ಕಡಲ ಮೀನಿಗೂ ನಮ್ಮ ಬೋರಿನ ನೀರು ಆಗದು. ಆ ಗಡಸು, ಆ ಲವಣ ಎಲ್ಲವನ್ನೂ ತೆಗೆದು, ನೀರನ್ನು ಏನೂ ಇಲ್ಲದ ಖಾಲಿ ನೀರು ಮಾಡಿ, ಆಮೇಲೆ ಅದಕ್ಕೆ ಕಡಲಿನ ಲವಣ ಕೂಡಿಸಬೇಕು. ಮನೆಯ ಆರ್‌ಒ ಯಂತ್ರ ಒಂದು ಬಿಂದಿಗೆ ಶುದ್ಧ ನೀರು ಕೊಡಬೇಕಾದರೆ ಎರಡು ಮೂರು ಬಿಂದಿಗೆ ನೀರನ್ನು ಆಚೆ ಬಿಡುತ್ತದೆ.

ಸೊಸೆ ವಾದಿಸಲಿಲ್ಲ. ಬ್ಯಾಂಕಿನವಳಲ್ಲವೇ, ಒಂದು ಹಾಳೆಯಲ್ಲಿ ಲೆಕ್ಕ ಬರೆದು ಮಾವನ ಮುಂದಿಟ್ಟಳು. ತೊಟ್ಟಿ ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಮರಳು ಕಲ್ಲು ಹಾಕಿದ ಮೇಲೆ ಹಿಡಿಯುವ ನೀರು ಸುಮಾರು ೧೬೦ ಲೀಟರು. ಎಂದರೆ ಹನ್ನೊಂದು ಬಿಂದಿಗೆ. ಅದನ್ನು ಒಂದೇ ದಿನ ತುಂಬುವುದಿಲ್ಲ, ಹತ್ತು ದಿನಕ್ಕೆ ಹಂಚುತ್ತೇವೆ. ದಿನಕ್ಕೆ ಆಚೆ ಬೀಳುವ ಎರಡು ಮೂರು ಬಿಂದಿಗೆ ನೀರು ಅಂಗಳ ತೊಳೆಯುವುದಕ್ಕೆ, ಪಾಯಿಖಾನೆಗೆ ಹೋಗುತ್ತದೆ. ಹೇಗೂ ಅದಕ್ಕೆ ಬೇರೆ ನೀರು ಬೇಕೇ ಬೇಕು. ಆಮೇಲೆ ಹದಿನೈದು ದಿನಕ್ಕೊಮ್ಮೆ ಒಂದು ಬಿಂದಿಗೆ ಬದಲಾಯಿಸುವುದು, ಆವಿಯಾದದ್ದಕ್ಕೆ ದಿನಕ್ಕೆ ಒಂದೂವರೆ ಲೀಟರು ತುಂಬುವುದು. ತಿಂಗಳಿಗೆ ಒಟ್ಟು ಐದು ಬಿಂದಿಗೆ. ಕೊನೆಯ ಸಾಲಿನಲ್ಲಿ, "ಮನೆಯ ಕಾರನ್ನು ಪೈಪಿನ ಬದಲು ಬಕೆಟ್ಟು ಬಟ್ಟೆಯಲ್ಲಿ ತೊಳೆದರೆ ಇಷ್ಟು ಉಳಿಯುತ್ತದೆ" ಎಂದು ಬರೆದಿತ್ತು. ನಮ್ಮವರು ಎರಡು ಸಲ ಓದಿದರು. ಅಂದಿನಿಂದ ಕಾರು ತೊಳೆಯುವ ಪೈಪು ಸುರುಳಿ ಸುತ್ತಿ ಮೊಳೆಗೆ ನೇತುಬಿದ್ದಿತು. ಪಾವಗಡದ ಅಕ್ಕನಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ಅವಳು, "ಲೆಕ್ಕ ಇಟ್ಟು ಸಾಕಿದರೆ ಸಾಕಲಿ ಬಿಡೆ. ಲೆಕ್ಕವಿಲ್ಲದೆ ಪೋಲು ಮಾಡೋರೇ ಹೆಚ್ಚು" ಎಂದಳು. ಅಲ್ಲಿಗೆ ತೀರ್ಪಾಯಿತು.

ಕಡಲಿನ ನೀರೆಂದರೆ ಅಡಿಗೆಯ ಉಪ್ಪು ಕದಡಿದ ನೀರಲ್ಲ. ಲೀಟರಿಗೆ ಸುಮಾರು ೩೫ ಗ್ರಾಂ ಲವಣ ಇರುತ್ತದೆ, ಅದರಲ್ಲಿ ನಾವು ತಿನ್ನುವ ಉಪ್ಪಿನ ಅಂಶವೇ ಹೆಚ್ಚೆಂಬುದು ನಿಜ. ಆದರೆ ಮೆಗ್ನೀಷಿಯಂ, ಕ್ಯಾಲ್ಷಿಯಂ, ಪೊಟ್ಯಾಷಿಯಂ ಮುಂತಾದುವೂ ತಕ್ಕ ಪ್ರಮಾಣದಲ್ಲಿ ಇರಬೇಕು. ಅದಕ್ಕೆಂದೇ ತಯಾರಾದ ಲವಣದ ಪುಡಿ ಸಿಗುತ್ತದೆ. ನಮ್ಮ ತೊಟ್ಟಿಗೆ ಐದೂವರೆ ಕಿಲೋ ಮೇಲೆ ಹಿಡಿಯಿತು. ಹೈಡ್ರೋಮೀಟರ್ ಎಂಬ ಗಾಜಿನ ಕಡ್ಡಿಯನ್ನು ತೇಲಿಬಿಟ್ಟು ೧.೦೨೫ ತೋರಿಸುತ್ತದೆಯೇ ಎಂದು ನೋಡಬೇಕು. ನೀರು ಆವಿಯಾಗುತ್ತದೆ, ಉಪ್ಪು ಆವಿಯಾಗುವುದಿಲ್ಲ. ಆದ್ದರಿಂದ ಕಡಿಮೆಯಾದಷ್ಟೂ ಸಿಹಿನೀರನ್ನೇ ತುಂಬಬೇಕು. ಉಪ್ಪುನೀರು ತುಂಬುತ್ತಾ ಹೋದರೆ ತೊಟ್ಟಿ ಉಪ್ಪಿನಕಾಯಿಯ ಜಾಡಿಯಾಗುತ್ತದೆ. ನೀರಿನ ಮಟ್ಟ ಗುರುತಿಸಲು ಸೊಸೆ ಹಣೆಗಿಡುವ ಕೆಂಪು ಸ್ಟಿಕ್ಕರೊಂದನ್ನೇ ಗಾಜಿಗೆ ಅಂಟಿಸಿದಳು. ಸಂಜೆ ನೀರು ಸ್ಟಿಕ್ಕರಿಗಿಂತ ಎಷ್ಟು ಕೆಳಗಿದೆಯೋ ಅಷ್ಟು ಚೊಂಬಿನಿಂದ ಹೊಯ್ಯುವುದು ನಮ್ಮತ್ತೆಯ ಕೆಲಸವಾಯಿತು.

ನೀರು ಸಿದ್ಧವಾದ ಮಾತ್ರಕ್ಕೆ ಮೀನು ಬಿಡುವಂತಿಲ್ಲ. ಹಾಲಿಗೆ ಹೆಪ್ಪು ಹಾಕಿ ಕಾಯುವ ಹಾಗೆ ಕಾಯಬೇಕು. ಮೀನಿನ ಹೊಲಸಿನಿಂದ ಅಮೋನಿಯ ಹುಟ್ಟುತ್ತದೆ, ಅದು ವಿಷ. ಕಲ್ಲು ಮರಳಿನಲ್ಲಿ ಬೆಳೆಯುವ ಒಂದು ಜಾತಿಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಇನ್ನೊಂದು ಜಾತಿಯವು ಅದನ್ನು ನೈಟ್ರೇಟ್ ಮಾಡುತ್ತವೆ. ಅದು ಅಷ್ಟು ಕೆಡುಕಿನದಲ್ಲ, ನೀರು ಬದಲಾಯಿಸಿದಾಗ ಹೊರಗೆ ಹೋಗುತ್ತದೆ. ಈ ಜೀವಿಗಳ ಸಂಸಾರ ಊರಲು ನಾಲ್ಕರಿಂದ ಆರು ವಾರ ಬೇಕು. ಆ ಅವಧಿಯಲ್ಲಿ ಬಂದವರೆಲ್ಲ ಖಾಲಿ ತೊಟ್ಟಿ ನೋಡಿ "ಮೀನೆಲ್ಲಿ?" ಎಂದು ಕೇಳುವವರೇ. ಮದುವೆಯಾದ ತಿಂಗಳಿಗೇ "ವಿಶೇಷವೇನು?" ಎಂದು ಕೇಳುವ ಹಾಗೆ! ಸೊಸೆ ಎರಡೂ ಪ್ರಶ್ನೆಗೂ ಒಂದೇ ನಗು ನಕ್ಕು ಸುಮ್ಮನಾಗುತ್ತಿದ್ದಳು.

ಇನ್ನು ಪಟ್ಟಿ. ಬೆಂಗಳೂರಿನ ಅಂಗಡಿಯೊಂದರವರು ಬರೆದುಕೊಟ್ಟ ಪಟ್ಟಿಯನ್ನೂ ಅವಳದೇ ಆಸೆಗಳನ್ನೂ ಸೇರಿಸಿ ಹನ್ನೊಂದು ಹೆಸರಿದ್ದುವು. ನಾವಿಬ್ಬರೂ ಎರಡು ಭಾನುವಾರ ಪುಸ್ತಕಗಳನ್ನು ಹರಡಿಕೊಂಡು ಕೂತೆವು. ಹೆಣ್ಣು-ಗಂಡಿನ ಜಾತಕ ನೋಡುವವರು ಮೂವತ್ತಾರು ಗುಣ ಎಣಿಸುತ್ತಾರೆ; ಮೀನಿಗೆ ಆರು ಸಾಕೆಂದು ನನಗೆ ತೋರಿತು. ಅವನ್ನು ಬರೆಯುತ್ತೇನೆ. ನಮ್ಮ ಊರುಗಳಲ್ಲೂ ಈಚೆಗೆ ತೊಟ್ಟಿ ಇಡುವ ಮನೆಗಳು ಹೆಚ್ಚುತ್ತಿರುವುದರಿಂದ ಯಾರಿಗಾದರೂ ಉಪಯೋಗಕ್ಕೆ ಬಂದೀತು.

ಮೊದಲನೆಯದು ಬಾಯಿ. ಬಾಯೊಳಗೆ ಹಿಡಿಸುವಷ್ಟು ಚಿಕ್ಕದಾಗಿರುವುದೆಲ್ಲವೂ ಮೀನಿನ ಲೆಕ್ಕದಲ್ಲಿ ಊಟ. ಅದಕ್ಕೆ ದ್ವೇಷವಿಲ್ಲ, ಹಸಿವಿದೆ ಅಷ್ಟೆ. ಲಯನ್‌ಫಿಶ್ ಎಂಬುದು ನೋಡಲು ಯಕ್ಷಗಾನದ ವೇಷದ ಹಾಗೆ ಬಲು ಚೆಂದ. ಆದರೆ ಅದರ ಬೆನ್ನ ಮುಳ್ಳಿನಲ್ಲಿ ವಿಷ, ಬಾಯಿಯೋ ಬಾಗಿಲಿನಷ್ಟು ಅಗಲ. ಪುಟ್ಟ ಮೀನುಗಳ ಜೊತೆ ಅದನ್ನು ಬಿಟ್ಟರೆ ಬೆಳಗಾಗುವಷ್ಟರಲ್ಲಿ ಅದೊಂದೇ ಉಳಿಯುತ್ತದೆ. ಅದರ ಹೆಸರಿನ ಮೇಲೆ ಗೀಟು ಎಳೆದೆವು.

ಎರಡನೆಯದು ಬೆಳೆದ ಮೇಲಿನ ಗಾತ್ರ. ಅಂಗಡಿಯಲ್ಲಿ ಹೆಬ್ಬೆರಳಿನಷ್ಟಿರುವ ನೀಲಿ ಟ್ಯಾಂಗ್ ಮೀನು ಒಂದಡಿಯವರೆಗೆ ಬೆಳೆಯುವಂಥದು, ದಿನವಿಡೀ ಈಜಾಡುವಂಥದು. ಮೂರಡಿಯ ತೊಟ್ಟಿಯಲ್ಲಿ ಅದನ್ನಿಡುವುದೂ ಕರು ಮುದ್ದಾಗಿದೆಯೆಂದು ಬಾಲ್ಕನಿಯಲ್ಲಿ ಕಟ್ಟುವುದೂ ಒಂದೇ. ಅದಕ್ಕೂ ಗೀಟು.

ಮೂರನೆಯದು ಹೋಲಿಕೆ. ನಮಗೆಲ್ಲ ಒಂದೇ ತರಹದವರು ಚೆನ್ನಾಗಿ ಹೊಂದಿಕೊಳ್ಳುತ್ತಾರೆಂಬ ಭ್ರಮೆ. ಹವಳದ ದಿಬ್ಬಗಳ ಮೀನುಗಳಲ್ಲಿ ಅದು ತಿರುಗುಮುರುಗು. ಒಂದೇ ಬಣ್ಣ, ಒಂದೇ ಆಕಾರ, ಒಂದೇ ಆಹಾರದ ಎರಡು ಮೀನುಗಳು ಒಂದೇ ಬಿಲಕ್ಕಾಗಿ, ಒಂದೇ ತುತ್ತಿಗಾಗಿ ಕಾದಾಡುತ್ತವೆ. ಬೇರೆ ಆಕಾರದವನ್ನು ಅವು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ನಮ್ಮತ್ತೆ ಇದನ್ನು ಕೇಳಿ, "ಓರಗಿತ್ತೀರು ಜಗಳ ಆಡ್ತಾರೆ, ಅತ್ತಿಗೂ ಹಸೀಗೂ ಏನು ಜಗಳ?" ಎಂದರು. ಸೊಸೆ ನಗು ತಡೆಯಲಾರದೆ ಒಳಗೆ ಹೋದಳು.

ನಾಲ್ಕನೆಯದು ಊಟದ ರೀತಿ. ಮ್ಯಾಂಡರಿನ್ ಎಂಬ ಮೀನಿದೆ. ನವಿಲುಗರಿಯ ಬಣ್ಣವನ್ನೆಲ್ಲ ಬಾಚಿ ಮೈಗೆ ಬಳಿದುಕೊಂಡಂತಿರುತ್ತದೆ. ಅದು ತಿನ್ನುವುದು ಕಲ್ಲಿನ ಮೇಲೆ ಹರಿದಾಡುವ, ಕಣ್ಣಿಗೆ ಕಾಣಿಸೀತೋ ಇಲ್ಲವೋ ಎನ್ನುವಷ್ಟು ಸಣ್ಣ ಜೀವಿಗಳನ್ನು. ಅದೂ ದಿನವೆಲ್ಲ ಹೆಕ್ಕುತ್ತಲೇ ಇರಬೇಕು. ಹೊಸ ತೊಟ್ಟಿಯಲ್ಲಿ, ಸಣ್ಣ ತೊಟ್ಟಿಯಲ್ಲಿ ಆ ಜೀವಿಗಳು ಬೇಗ ಮುಗಿಯುತ್ತವೆ. ಎದುರಿಗೆ ಎಷ್ಟೇ ಆಹಾರ ಚೆಲ್ಲಿದರೂ ಅದು ಮುಟ್ಟದೆ, ಎಲ್ಲರ ನಡುವೆ ಸದ್ದಿಲ್ಲದೆ ಬಡವಾಗಿ ಸಾಯುತ್ತದೆ. ಯಾರೂ ಅದನ್ನು ಕಚ್ಚಿರುವುದಿಲ್ಲ. ಅದರ ಹೆಸರಿಗೆ ಸೊಸೆ ತಾನೇ ಗೀಟು ಎಳೆದಳು. ಕಡಲಕುದುರೆಯೂ ಹೀಗೆಯೇ ನಿಧಾನದ ಪ್ರಾಣಿ, ಚುರುಕು ಮೀನುಗಳ ನಡುವೆ ಅದಕ್ಕೆ ತುತ್ತು ದಕ್ಕುವುದಿಲ್ಲ. ಅಲ್ಲದೆ ೨೦೦೧ರಲ್ಲಿ ಕಡಲಕುದುರೆಗಳನ್ನೂ ಹವಳಗಳನ್ನೂ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಿದರು. ನಮ್ಮ ಕಡಲಿನಿಂದ ಅವನ್ನು ಹಿಡಿಯುವುದು, ಮಾರುವುದು ಅಪರಾಧ. "ನಿಜವಾದ ಹವಳ" ಎಂದು ಯಾರಾದರೂ ಕೈಗಿಟ್ಟರೆ ಕೈ ಹಿಂದಕ್ಕೆಳೆದುಕೊಳ್ಳುವುದು ಕ್ಷೇಮ.

ಐದನೆಯದು ಬರುವ ಸರದಿ. ಸಾಧು ಸ್ವಭಾವದವು ಮೊದಲು ಬರಬೇಕು, ಜೋರಿನವು ಕೊನೆಗೆ. ಮೊದಲು ಬಂದದ್ದು ಇಡೀ ತೊಟ್ಟಿ ತನ್ನದೆಂದುಕೊಳ್ಳುತ್ತದೆ. ಜೋರಿನದು ಮೊದಲು ಬಂದರೆ ಆಮೇಲೆ ಬಂದವರಿಗೆ ಉಳಿಗಾಲವಿಲ್ಲ. ಅಂಗಡಿಯವರ ಪಟ್ಟಿಯಲ್ಲಿ ಮೊದಲ ಹೆಸರೇ ನೀಲಿ ಡ್ಯಾಮ್ಸೆಲ್ ಮೀನು. ಅಗ್ಗ, ಗಟ್ಟಿ ಜೀವ, ಯಾವ ನೀರಿಗೂ ಜಗ್ಗದು. ಇಂಗ್ಲಿಷಿನಲ್ಲಿ ಆ ಹೆಸರಿಗೆ ಕನ್ಯೆ ಎಂದರ್ಥ. ಸ್ವಭಾವ ಮಾತ್ರ ರಣಚಂಡಿಯದು. ಅದಕ್ಕೂ ಗೀಟು.

ಆರನೆಯದು ಅಡಗಲು ಜಾಗ. ಮೀನೊಂದಕ್ಕೆ ತನ್ನದೆಂಬ ಒಂದು ಬಿಲ, ಒಂದು ಮರೆ ಇರಲೇಬೇಕು. ಮರೆಯಿದ್ದರೆ ಅದು ಹೊರಗೆ ಬರುತ್ತದೆ. ಮರೆಯಿಲ್ಲದ ಮೀನು ಬಯಲಿನಲ್ಲೇ ಇದ್ದರೂ ಕಾಣುವುದಿಲ್ಲ, ಮೂಲೆ ಹಿಡಿದು ನಡುಗುತ್ತಿರುತ್ತದೆ.

ಈ ಗುಣಗಳಲ್ಲಿ ಪಾಸಾಗಿ ಉಳಿದವು ಎರಡು ಕ್ಲೌನ್ ಮೀನು, ಒಂದು ಫೈರ್‌ಫಿಶ್, ಒಂದು ಗೋಬಿ ಮೀನು ಮತ್ತು ಅದರ ಜೊತೆಗಾರ ಪಿಸ್ತೂಲು ಸೀಗಡಿ. ಇವುಗಳಲ್ಲಿ ಕ್ಲೌನ್ ಮೀನಿನ ಕಥೆಯನ್ನು ಹೆಣ್ಣುಮಕ್ಕಳು ತಿಳಿದಿರಬೇಕು. ಕಿತ್ತಳೆ ಬಣ್ಣಕ್ಕೆ ಬಿಳಿ ಪಟ್ಟೆಯ ಈ ಮೀನುಗಳು ಹುಟ್ಟುವಾಗ ಹೆಣ್ಣಲ್ಲ. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣಾಗುತ್ತದೆ, ಅವಳೇ ಯಜಮಾನಿ. ಎರಡನೆಯ ದೊಡ್ಡದು ಅವಳ ಗಂಡ. ಮೊಟ್ಟೆಗಳಿಗೆ ರೆಕ್ಕೆಯಿಂದ ಗಾಳಿ ಬೀಸುತ್ತಾ ಕಾಯುವ ಕೆಲಸ ಹೆಚ್ಚಾಗಿ ಅವನದೇ. ಯಜಮಾನಿ ಸತ್ತರೆ ಗಂಡನೇ ಹೆಣ್ಣಾಗಿ ಪಟ್ಟಕ್ಕೆ ಬರುತ್ತಾನೆ. ಆದ್ದರಿಂದ ಜೋಡಿ ಬೇಕೆನ್ನುವವರು ಒಂದು ಸ್ವಲ್ಪ ದೊಡ್ಡದು, ಒಂದು ಸ್ವಲ್ಪ ಚಿಕ್ಕದು, ಎರಡು ಮರಿಗಳನ್ನು ತಂದರೆ ಸಾಕು. ಯಾರು ಏನಾಗಬೇಕೆಂದು ಅವೇ ತೀರ್ಮಾನಿಸಿಕೊಳ್ಳುತ್ತವೆ. ನಮ್ಮ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಈ ಜಾತಿಯ ಮೀನುಗಳಿವೆ. ಆದರೆ ಕಡಲಿನಿಂದ ಹಿಡಿದು ತಂದದ್ದಕ್ಕಿಂತ ಸಾಕಣೆಯಲ್ಲಿ ಹುಟ್ಟಿದ ಮರಿಯನ್ನು ಕೇಳಿ ತರುವುದು ಮೇಲು. ತಮಿಳುನಾಡಿನ ಮಂಡಪಂನಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಕ್ಲೌನ್ ಮೀನುಗಳ ಮರಿ ಮಾಡಿಸುವ ವಿಧಾನವನ್ನು ರೂಢಿಗೆ ತಂದಿದ್ದಾರೆ. ಲಕ್ಷದ್ವೀಪದ ಅಗತ್ತಿಯಲ್ಲಿ ದ್ವೀಪದ ಹೆಂಗಸರೇ ಅಲಂಕಾರದ ಸೀಗಡಿಗಳನ್ನು ಸಾಕಿ ಮಾರಲು ತರಬೇತಿ ಪಡೆದಿದ್ದಾರೆ. ಹವಳದ ದಿಬ್ಬಗಳಿಗೆ ಕೆಲವು ದೇಶಗಳಲ್ಲಿ ಸಯನೈಡ್ ಚಿಮುಕಿಸಿ ಮೀನು ಹಿಡಿಯುತ್ತಾರೆಂದು ಓದಿದ ಮೇಲೆ, "ಎಲ್ಲಿ ಹುಟ್ಟಿದ್ದು?" ಎಂದು ಕೇಳದೆ ತರಬಾರದೆಂದು ಸೊಸೆ ನಿಶ್ಚಯಿಸಿದಳು.

ಗೋಬಿ ಮತ್ತು ಸೀಗಡಿಯ ಸಂಸಾರ ಇನ್ನೊಂದು ಬಗೆ. ಸೀಗಡಿಗೆ ಕಣ್ಣು ಮಂದ, ಆದರೆ ಬಿಲ ತೋಡುವುದರಲ್ಲಿ ನಿಸ್ಸೀಮ. ಗೋಬಿಗೆ ಕಣ್ಣು ಚುರುಕು, ತೋಡಲು ಬಾರದು. ಇಬ್ಬರೂ ಒಂದೇ ಬಿಲದಲ್ಲಿರುತ್ತಾರೆ. ಹೊರಗೆ ಬಂದಾಗ ಸೀಗಡಿ ತನ್ನ ಮೀಸೆಯೊಂದನ್ನು ಗೋಬಿಯ ಮೈಮೇಲೆ ಇಟ್ಟುಕೊಂಡೇ ಮಣ್ಣು ಹೊರುತ್ತದೆ. ಅಪಾಯ ಕಂಡರೆ ಗೋಬಿ ಬಾಲ ಅದುರಿಸುತ್ತದೆ, ಇಬ್ಬರೂ ಒಳಗೆ. ನಮ್ಮತ್ತೆಗೆ ಪೊರೆ ಬಂದು ಒಂದು ಕಣ್ಣು ಮಸುಕು. ಸಂಜೆ ಗುಡಿಗೆ ಹೋಗುವಾಗ ಸೊಸೆಯ ಹೆಗಲ ಮೇಲೆ ಕೈಯಿಟ್ಟೇ ಹೋಗುವುದು. ಅವರಿಗೆ ಈ ಜೋಡಿ ತುಂಬ ಹಿಡಿಸಿತು.

ಬೇಸಿಗೆ ಹೇಗೋ ಎಂಬ ಹೆದರಿಕೆಯಿತ್ತು. ಈ ಮೀನುಗಳಿಗೆ ೨೪ರಿಂದ ೨೭ ಡಿಗ್ರಿಯ ನೀರು ಹಿತ. ನಮ್ಮ ಏಪ್ರಿಲ್ಲಿನ ಮಧ್ಯಾಹ್ನ ಹೇಗಿರುತ್ತದೆಂದು ಹೇಳಬೇಕಿಲ್ಲ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆ. ನೀರು ತಣಿಸುವ ಯಂತ್ರದ ಬೆಲೆ ಕೇಳಿಯೇ ಬೆವರು ಬಂತು. ಆಗ ನೆರವಿಗೆ ಬಂದದ್ದು ಮಣ್ಣಿನ ಹೂಜಿಯ ತತ್ವ. ಸಣ್ಣ ಫ್ಯಾನೊಂದನ್ನು ನೀರಿನ ಮೇಲ್ಮೈಗೆ ಬೀಸುವಂತೆ ಇಟ್ಟರೆ ನೀರು ಆವಿಯಾಗುತ್ತಾ ಎರಡು ಮೂರು ಡಿಗ್ರಿ ಇಳಿಯುತ್ತದೆ. ಒಣ ಹವೆಯಲ್ಲಿ ಇದು ಕರಾವಳಿಗಿಂತ ಚೆನ್ನಾಗಿ ನಡೆಯುತ್ತದೆ. "ಕಡಲ ಮೀನಿಗೆ ನಿಮ್ಮೂರಿನ ಗಾಳಿಯೇ ಅನುಕೂಲ ಆಯ್ತು ಅತ್ತೆ" ಎಂದಳು ಸೊಸೆ. ಕರೆಂಟು ಹೋದಾಗ ಗಾಳಿಯ ಗುಳ್ಳೆ ನಿಲ್ಲಬಾರದೆಂದು ಬ್ಯಾಟರಿಯ ಪಂಪು ತಂದಿಟ್ಟೆವು. ಪಾವಗಡದ ತಿರುಮಣಿಯ ಸುತ್ತ ೨೦೫೦ ಮೆಗಾವಾಟಿನ ಸೌರ ಪಾರ್ಕು ೨೦೧೯ರಲ್ಲಿ ಪೂರ್ಣವಾಯಿತು. ಕರೆಂಟು ಹೋದಾಗಲೆಲ್ಲ ನಮ್ಮವರು ಅದನ್ನು ನೆನೆಸಿಕೊಂಡು ಒಂದು ನಿಟ್ಟುಸಿರು ಬಿಡುತ್ತಾರೆ.

ನಾಲ್ಕು ತಿಂಗಳು ಎಲ್ಲ ಸುಸೂತ್ರ. ಫೈರ್‌ಫಿಶ್ ಎಲ್ಲರಿಗೂ ಅಚ್ಚುಮೆಚ್ಚು. ಮುಂದಿನರ್ಧ ಬಿಳಿ, ಹಿಂದಿನರ್ಧ ಕೆಂಪು, ನೆತ್ತಿಯ ಮೇಲೆ ಬಾವುಟದಂತೆ ಎದ್ದು ನಿಂತ ರೆಕ್ಕೆ. ಬಹಳ ಅಂಜುಬುರುಕ. ಸೊಸೆ ಬಸ್ಸಿಳಿದು ಬಂದು ಎದುರಿಗೆ ಕೂತರೆ ಮಾತ್ರ ಬಿಲದಿಂದ ಇಣುಕುತ್ತಿತ್ತು. ಆಮೇಲೆ ಬೆಂಗಳೂರಿನಿಂದ ನನ್ನ ತಮ್ಮನ ಮಗ ಬಂದ. ನಾನು ಆಗ ಪಾವಗಡದಲ್ಲಿ ಅಕ್ಕನ ಮನೆಯಲ್ಲಿದ್ದೆ, ಸೊಸೆ ಬ್ಯಾಂಕಿನಲ್ಲಿ. ಅತ್ತಿಗೆಗೆ ಅಚ್ಚರಿಯಾಗಲೆಂದು ಹುಡುಗ ಪ್ಲಾಸ್ಟಿಕ್ ಚೀಲದಲ್ಲಿ ಒಂದು ನೀಲಿ ಡ್ಯಾಮ್ಸೆಲ್ ತಂದು, ಪ್ರೀತಿಯಿಂದಲೇ ತೊಟ್ಟಿಗೆ ಬಿಟ್ಟು, ಊಟ ಮಾಡಿ ಬಸ್ಸು ಹತ್ತಿದ. ಸಂಜೆ ಬಂದ ಸೊಸೆ ನೋಡುವಾಗ ಆ ನೀಲಿ ಮೀನು ಫೈರ್‌ಫಿಶ್ಶಿನ ಬಿಲದ ಬಾಯಲ್ಲೇ ನಿಂತಿತ್ತು.

ಮೂರನೆಯ ದಿನ ರಾತ್ರಿ ನನಗೆ ಫೋನು ಬಂತು. ಫೈರ್‌ಫಿಶ್ ತೊಟ್ಟಿಯಲ್ಲಿರಲಿಲ್ಲ. ಅಟ್ಟಿಸಿಕೊಂಡ ಮೀನು ಮೇಲಿನ ಬಲೆಯ ಮುಚ್ಚಳದ ಸಂದಿನಿಂದ ಹಾರಿ, ಬೀರುವಿನ ಹಿಂದೆ ಬಿದ್ದು ಒಣಗಿತ್ತು. ಬೆರಳುದ್ದದ ಮೀನು. ಸೊಸೆ ಅಳುತ್ತಿದ್ದಳು. ಮದುವೆಯಾಗಿ ಬಂದ ಎರಡು ವರ್ಷದಲ್ಲಿ ಅವಳು ಅತ್ತದ್ದನ್ನು ನಾನು ಕೇಳಿರಲಿಲ್ಲ. "ಅದಕ್ಕೆ ಹೋಗೋಕೆ ಬೇರೆ ಜಾಗ ಇರ್ಲಿಲ್ಲ ಅತ್ತೆ. ಇದ್ದ ಒಂದು ಮೂಲೇಲೂ ಅದು ಬಂದು ನಿಂತ್ಕೊಳ್ತು" ಎಂದಳು. ನಾನು ಮರುದಿನದ ಮೊದಲ ಬಸ್ಸಿಗೆ ಹೊರಟು ಬಂದೆ.

ಡ್ಯಾಮ್ಸೆಲ್ಲನ್ನು ಹಿಡಿಯುವುದು ಸುಲಭವಲ್ಲ. ರಾತ್ರಿ ದೀಪ ಆರಿಸಿ, ಅದು ನಿದ್ದೆಗೆ ಬಿದ್ದ ಮೇಲೆ, ಕಲ್ಲುಗಳನ್ನೆಲ್ಲ ಒಂದೊಂದಾಗಿ ಎತ್ತಿ, ಟಾರ್ಚು ಹಿಡಿದು ಬಲೆಗೆ ಬೀಳಿಸಿದೆವು. ತುಮಕೂರಿನಲ್ಲಿ ಆರಡಿಯ ತೊಟ್ಟಿಯಲ್ಲಿ ಒರಟು ಮೀನುಗಳನ್ನೇ ಸಾಕಿರುವವರೊಬ್ಬರ ಮನೆಗೆ ಅದನ್ನು ಕೊಟ್ಟು ಬಂದೆವು. ಅಲ್ಲಿ ಅದೂ ಸುಖವಾಗಿದೆ. ಮೀನಿನ ತಪ್ಪೇನೂ ಇಲ್ಲ. ಅದರ ಜಾಗ ಬೇರೆ, ಅಷ್ಟೆ. ತಮ್ಮನ ಹೆಂಡತಿ ಮಾತ್ರ ಫೋನಿನಲ್ಲಿ, "ನಮ್ಮ ಹುಡುಗ ತಂದ ಮೀನು ನಿಮಗೆ ಬೇಡವಾಯಿತಂತೆ" ಎಂದಳು. ಸೊಸೆಯೇ ಫೋನು ತೆಗೆದುಕೊಂಡು, ನಡೆದದ್ದನ್ನು ನಡೆದಂತೆ, ಗಡುಸಿಲ್ಲದೆ ಆದರೆ ಮುಚ್ಚಿಡದೆ ಹೇಳಿದಳು. ಅವಳು ಹಾಗೆ ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ತಿಂಗಳೊಪ್ಪತ್ತು ಆ ಕಡೆಯಿಂದ ಮಾತಿರಲಿಲ್ಲ. ಆಮೇಲೆ ಗೌರಿಹಬ್ಬಕ್ಕೆ ಎಲ್ಲ ಸರಿಹೋಯಿತು.

ಕಲ್ಲುಗಳನ್ನು ಮತ್ತೆ ಜೋಡಿಸುವಾಗ ಹಳೆಯ ಹಾಗೆ ಜೋಡಿಸಬಾರದು. ಜಾಗಗಳೆಲ್ಲ ಬದಲಾದರೆ ಎಲ್ಲ ಮೀನುಗಳೂ ಹೊಸಬರೇ ಆಗುತ್ತವೆ, ಯಜಮಾನಿಕೆ ಮೊದಲಿನಿಂದ ಶುರುವಾಗುತ್ತದೆ. ಹೊಸ ಮೀನು ಬಿಡುವಾಗಲೂ ಬಲ್ಲವರು ಇದನ್ನೇ ಮಾಡುತ್ತಾರೆ. ನಮ್ಮ ಮನೆಯಲ್ಲೂ ಆ ವಾರ ಒಂದಿಷ್ಟು ಜಾಗ ಬದಲಾಯಿತು. ದೇವರಮನೆಯ ಪಕ್ಕದ ಕೋಣೆಯಲ್ಲಿದ್ದ ರಾಗಿಯ ಮೂಟೆ, ಹಳೆಯ ತೊಟ್ಟಿಲು, ನಮ್ಮವರ ಪಂಚಾಂಗಗಳ ಕಟ್ಟು ಎಲ್ಲವೂ ಮಹಡಿಗೆ ಹೋದವು. ಸುಣ್ಣ ಬಳಿಸಿ, ಕಿಟಕಿಯ ಹತ್ತಿರ ತೊಟ್ಟಿ ಇಟ್ಟು, ಒಂದು ಮೇಜು, ಒಂದು ಕುರ್ಚಿ ಹಾಕಿಸಿ, ಒಳಗಿನಿಂದ ಚಿಲಕ ಇಡಿಸಿದೆವು. ಅದು ಅವಳ ಕೋಣೆ. ಬಾಗಿಲು ಮುಚ್ಚಿದ್ದರೆ ತಟ್ಟದೆ ಯಾರೂ ಹೋಗುವುದಿಲ್ಲ, ನಮ್ಮತ್ತೆಯೂ ಕೂಡ. ಬಾಗಿಲು ಬಂದ ಮೇಲೆ ಅವಳು ನಡುಮನೆಯಲ್ಲಿ ನಮ್ಮ ಜೊತೆ ಕೂರುವುದು ಹೆಚ್ಚಾಯಿತು.

ಉಪ್ಪುನೀರು, ಶುದ್ಧ ನೀರು, ಇಷ್ಟೆಲ್ಲ ನಮ್ಮಿಂದಾಗದು ಎನ್ನುವ ಗೃಹಿಣಿಯರಿಗೂ ಒಂದು ಮಾತು. ನಮ್ಮ ಗಡಸು ಬೋರಿನ ನೀರಿಗೆ ಒಗ್ಗುವ ಮೀನುಗಳಿವೆ: ಗಪ್ಪಿ, ಮೋಲಿ, ಪ್ಲಾಟಿ. ಲಾರ್ವ ತಿನ್ನುತ್ತವೆಂದು ಆರೋಗ್ಯ ಇಲಾಖೆಯವರು ತೊಟ್ಟಿ ಬಾವಿಗಳಿಗೆ ಬಿಡುವುದೂ ಗಪ್ಪಿಯನ್ನೇ. ಸಿಹಿನೀರಿನಲ್ಲೂ ಜೋಡಿ ನೋಡಿಯೇ ಬಿಡಬೇಕು. ಕೊರಟಗೆರೆಯ ನನ್ನ ಗೆಳತಿಯ ಮನೆಯಲ್ಲಿ ಟೈಗರ್ ಬಾರ್ಬುಗಳು ಏಂಜಲ್ ಮೀನಿನ ಉದ್ದನೆಯ ರೆಕ್ಕೆಯನ್ನು ಕಚ್ಚಿ ಕಚ್ಚಿ ಮೊಂಡು ಮಾಡಿದ್ದುವು. ಆ ಮೇಲೆ ಅವರ ಮೊಮ್ಮಗ ಕೆರೆಯಿಂದ ಒಂದು ಜಿಲೇಬಿ ಮೀನಿನ ಮರ�ಿ ತಂದು ಗೋಲ್ಡ್‌ಫಿಶ್ಶಿನ ಜೊತೆ ಬಿಟ್ಟ. ಜಿಲೇಬಿ ಬೆಳೆಯಿತು, ಗೋಲ್ಡ್‌ಫಿಶ್ ಉಳಿಯಲಿಲ್ಲ.

ಮೋಲಿಗೆ ಇನ್ನೊಂದು ಗುಣವಿದೆ. ಸಿಹಿನೀರಿನಲ್ಲಿ ಬೆಳೆದದ್ದನ್ನು ಅವಸರ ಮಾಡದೆ, ದಿನಕ್ಕಿಷ್ಟು ದಿನಕ್ಕಿಷ್ಟು ಉಪ್ಪುನೀರು ಹನಿಸುತ್ತಾ ಬಂದರೆ, ಕೊನೆಗೆ ಅದು ಪೂರ್ತಿ ಕಡಲ ನೀರಿನಲ್ಲೇ ಬದುಕಬಲ್ಲದು. ಫೈರ್‌ಫಿಶ್ ಹೋದ ಜಾಗಕ್ಕೆ ಬೇರೊಂದನ್ನು ತರಲು ಸೊಸೆಗೆ ಮನಸ್ಸಿರಲಿಲ್ಲ. ನಾನೇ ಕೊರಟಗೆರೆಯ ಗೆಳತಿಯ ಮನೆಯಿಂದ ಎರಡು ಕರಿ ಮೋಲಿ ತಂದು, ಬಕೆಟ್ಟಿನಲ್ಲಿಟ್ಟು, ಎರಡು ವಾರ ಹನಿಹನಿಯಾಗಿ ಉಪ್ಪಿಗೆ ಒಗ್ಗಿಸಿ ತೊಟ್ಟಿಗೆ ಬಿಟ್ಟೆ. ಅವು ಗಾಜಿನ ಮೇಲಿನ ಪಾಚಿ ತಿಂದುಕೊಂಡು ಆರಾಮವಾಗಿವೆ. ಕ್ಲೌನ್ ಯಜಮಾನಿ ಮೊದಲೆರಡು ದಿನ ಮೂಸಿ ನೋಡಿ, ತನ್ನ ಹೋಲಿಕೆಯಲ್ಲ ಎಂದು ತಿಳಿದು ಸುಮ್ಮನಾದಳು.

ಕಳೆದ ದೀಪಾವಳಿಗೆ ಸೊಸೆಯ ತಾಯಿ ಕುಂದಾಪುರದಿಂದ ಬಂದಿದ್ದರು. ತೊಟ್ಟಿಯ ಮುಂದೆ ಬಹಳ ಹೊತ್ತು ಕೂತಿದ್ದರು. ಯಾರೂ ನೋಡುತ್ತಿಲ್ಲವೆಂದುಕೊಂಡು ಬೆರಳ ತುದಿಯನ್ನು ನೀರಿಗೆ ಅದ್ದಿ ನಾಲಿಗೆಗೆ ಇಟ್ಟುಕೊಂಡರು. ಆಮೇಲೆ ಮಗಳ ಕಡೆ ತಿರುಗಿ, "ನಮ್ದೇ ಅಲ್ದಾ!" ಎಂದರು. ನಮ್ಮತ್ತೆ ಮಸುಕು ಕಣ್ಣಿನಲ್ಲೂ ಅದನ್ನು ನೋಡಿಬಿಟ್ಟಿದ್ದರು. "ಬೀಗತ್ಯಮ್ಮಾ, ಬಾಯಿ ತೊಳಕೊಳ್ಳಿ, ಮೀನು ಉಂಡು ಕೈ ತೊಳೆಯೋದೂ ಅದರಲ್ಲೇ" ಎಂದು ಕೂಗಿದರು.